ಹತ್ತಿ ಹೊಲದಿಂದ ಬಂದ ಜಗಜಟ್ಟಿ ಜೋ ಲೂಯಿಸ್

ಮೈಸೂರು ದಸರೆಯಲ್ಲಿ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣದ ಜೆಟ್ಟಿಗಳ ಜೊತೆಗೆ ನಮ್ಮ ಜಿಲ್ಲಾ ಕೇಂದ್ರವಾದ ಚಾಮರಾಜನಗರದ ಜೆಟ್ಟಿಗಳೂ ಅದರಲ್ಲಿ ಸೆಣಸುತ್ತಾರೆ. ತಲೆ ಬೋಳಿಸಿಕೊಂಡು, ಬೆರಳಿಗೆ ಆಯುಧ ತೊಟ್ಟು ಎದುರುಬದುರಾಗುವ ಆ ಜೆಟ್ಟಿಗಳಲ್ಲಿ ಯಾರದಾದರೂ ತಲೆಯಲ್ಲಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಮುಷ್ಟಿಯಿಂದ ಹೋರಾಡುವ ಈ ವಿದ್ಯೆಗೆ ದೂರದ ನೆಂಟ ಎನ್ನಬಹುದಾದ ಆಟವೇ ಬಾಕ್ಸಿಂಗ್. ನಾಲ್ಕೂ ಕಡೆ ಹಗ್ಗ ಬಿಗಿದ ಚೌಕದೊಳಗೆ, ಮೆತ್ತೆ ತುಂಬಿದ ಗ್ಲೌಸ್ ತೊಟ್ಟ ಇಬ್ಬರು ಮೂರು ಮೂರು ನಿಮಿಷದ ಸುತ್ತುಗಳಲ್ಲಿ ಹೋರಾಡುತ್ತಾರೆ. ಎರಡು ಸುತ್ತುಗಳ ನಡುವೆ ಒಂದು ನಿಮಿಷ ವಿರಾಮ. ಬಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತಂತೆ. ಇಬ್ಬರೂ ಕೊನೆಯವರೆಗೆ ನಿಂತರೆ ತೀರ್ಪುಗಾರರು ಅಂಕ ನೋಡಿ ಗೆದ್ದವನನ್ನು ಹೇಳುತ್ತಾರೆ. ದೇಹದ ತೂಕಕ್ಕೆ ತಕ್ಕಂತೆ ವರ್ಗಗಳಿವೆ. ಎಲ್ಲಕ್ಕಿಂತ ಭಾರದವರ ವರ್ಗ ಹೆವಿವೇಟ್. ಆ ವರ್ಗದಲ್ಲಿ ಗೆದ್ದವನನ್ನೇ ಜನ ಜಗಜಟ್ಟಿ ಎಂದು ಕೊಂಡಾಡುವುದು.

ಹೀಗೆ ಪಟ್ಟ ಗೆದ್ದವರು ನೂರು ವರ್ಷಗಳಲ್ಲಿ ಎಷ್ಟೋ ಮಂದಿ. ಆದರೆ ಸತ್ತ ಮೇಲೂ ಜನರ ಬಾಯಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಒಬ್ಬ ಬಾಕ್ಸರ್ ಹಾಗೆ ಉಳಿಯುವುದು ಯಾವುದರಿಂದ? ತೋಳಿನ ಬಲದಿಂದಲೇ? ಗೆಲುವಿನ ಲೆಕ್ಕದಿಂದಲೇ? ಈ ಪ್ರಶ್ನೆಗೆ ಉತ್ತರ ಬೇಕಾದವರು ಅಮೆರಿಕದ ಜೋ ಲೂಯಿಸ್‌ನ ಬದುಕನ್ನು ಒಮ್ಮೆ ನೋಡಬೇಕು. ಬಡ ರೈತನ ಮನೆಯಲ್ಲಿ ಹುಟ್ಟಿ, ಮಾತು ತೊದಲುತ್ತಾ, ತರಗತಿಯಲ್ಲಿ ಹಿಂದುಳಿದು ಬೆಳೆದ ಹುಡುಗನ ಕಥೆ ಅದು. ಸರ್ಕಾರಿ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಗೆ ಅದು ಸಲ್ಲದ ಕಥೆಯೇನಲ್ಲ.

ಜೋಸೆಫ್ ಲೂಯಿಸ್ ಬ್ಯಾರೋ ಹುಟ್ಟಿದ್ದು 1914ರ ಮೇ 13ರಂದು, ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲಿ, ಲಫಾಯೆಟ್ ಎಂಬ ಸಣ್ಣ ಊರಿನ ಬಳಿಯ ಒಂದು ಗುಡಿಸಲಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವನು. ಅವನ ಹಿರಿಯರು ಗುಲಾಮರಾಗಿದ್ದವರು. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದಿತ್ತು. ಆದರೆ ನೆಲ ಮಾತ್ರ ಹಳೆಯ ಒಡೆಯರ ಕೈಯಲ್ಲೇ ಉಳಿದಿತ್ತು. ಕಪ್ಪು ಜನ ಪರರ ಹೊಲವನ್ನು ವಾರಕ್ಕೆ ಮಾಡಿಕೊಂಡು ಹತ್ತಿ ಬೆಳೆಯುತ್ತಿದ್ದರು. ಬೀಜಕ್ಕೂ ಹೊಟ್ಟೆಗೂ ಒಡೆಯನಲ್ಲೇ ಸಾಲ. ಸುಗ್ಗಿಯಲ್ಲಿ ಲೆಕ್ಕ ಹಾಕಿದರೆ ಸಾಲ ತೀರಿ ಏನೂ ಉಳಿಯುತ್ತಿರಲಿಲ್ಲ. ಮಳೆಯನ್ನು ನಂಬಿ ರಾಗಿ, ಹುರುಳಿ, ಜೋಳ ಬಿತ್ತುವ ನಮ್ಮ ಬೆಟ್ಟದ ಸೀಮೆಯ ರೈತರಿಗೆ ಆ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಡತನದ ಮೇಲೆ ಇನ್ನೊಂದು ಹೊರೆಯೂ ಇತ್ತು. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ರೈಲಿನಲ್ಲಿ ಬೇರೆ ಡಬ್ಬಿ. ಬಿಳಿಯರ ಹೋಟೆಲಿಗೆ ಪ್ರವೇಶವಿಲ್ಲ. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅಲ್ಲಿ ಜಾತಿಯ ಜಾಗದಲ್ಲಿ ಮೈಬಣ್ಣವಿತ್ತು, ಅಷ್ಟೆ.

ಜೋ ಎರಡು ವರ್ಷದ ಕೂಸಾಗಿದ್ದಾಗ ತಂದೆ ಮನ್ರೋ ಬ್ಯಾರೋನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲ ಕಾಲದ ಮೇಲೆ ಅವನು ಸತ್ತನೆಂಬ ಸುದ್ದಿ ಮನೆಗೆ ಬಂತು. ಸುದ್ದಿ ಸುಳ್ಳಾಗಿತ್ತು. ಆ ತಂದೆ 1938ರವರೆಗೂ ಆಸ್ಪತ್ರೆಯಲ್ಲೇ ಬದುಕಿದ್ದ. ಗಂಡ ಇಲ್ಲವೆಂದೇ ನಂಬಿದ ತಾಯಿ ಲಿಲ್ಲಿ, ಮಕ್ಕಳಿದ್ದ ಪ್ಯಾಟ್ ಬ್ರೂಕ್ಸ್ ಎಂಬುವನನ್ನು ಮರುಮದುವೆಯಾದಳು. ಎರಡೂ ಕಡೆಯ ಮಕ್ಕಳು ಒಂದೇ ಸೂರಿನಡಿ ಬೆಳೆದರು. ಜೋ ಸುಮಾರು ಆರು ವರ್ಷದವನಾಗುವವರೆಗೆ ಸರಿಯಾಗಿ ಮಾತನ್ನೇ ಆಡಲಿಲ್ಲ.

1926ರಲ್ಲಿ, ಕಪ್ಪು ಜನರನ್ನು ಬೆದರಿಸಿ ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನ ಕಾಟಕ್ಕೆ ಹೆದರಿ ಆ ಕುಟುಂಬ ಊರು ಬಿಟ್ಟಿತು. ಉತ್ತರದ ಡೆಟ್ರಾಯಿಟ್ ನಗರದಲ್ಲಿ ಮೋಟಾರು ಕಾರಿನ ಕಾರ್ಖಾನೆಗಳಿದ್ದವು. ಅಲ್ಲಿ ಕೂಲಿ ಸಿಗುತ್ತದೆಂಬ ಭರವಸೆಯಿಂದ ಆ ಕಾಲದಲ್ಲಿ ಲಕ್ಷಾಂತರ ಕಪ್ಪು ಜನ ದಕ್ಷಿಣದಿಂದ ಗುಳೆ ಹೋದರು. ನಮ್ಮ ಕಡೆಯವರು ಕೊಡಗಿನ ತೋಟಗಳಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗಂಟುಮೂಟೆ ಕಟ್ಟುವಂತೆ. ಹಳ್ಳಿಯ ಹುಡುಗ ಜೋಗೆ ಆಗ ಹನ್ನೆರಡು ವರ್ಷ.

ಪಟ್ಟಣದ ಶಾಲೆಯಲ್ಲಿ ಅವನಿಗೆ ನೆಲೆ ಸಿಗಲಿಲ್ಲ. ಓದು ಬರದೆಂದು ಅವನಿಗಿಂತ ಚಿಕ್ಕ ಮಕ್ಕಳ ತರಗತಿಯಲ್ಲಿ ಕೂರಿಸಿದರು. ಎತ್ತರದ ಹುಡುಗ ಪುಟ್ಟ ಮಕ್ಕಳ ನಡುವೆ ಕೂತು ತೊದಲಬೇಕಾಯಿತು. ಅವನ ಮೇಷ್ಟ್ರೊಬ್ಬರು ಮಾತ್ರ ಈ ಹುಡುಗನಿಗೆ ಕೈಕೆಲಸ ಒಲಿಯಬಹುದೆಂದು ಕಂಡುಕೊಂಡರು. ಅವನನ್ನು ಬ್ರಾನ್ಸನ್ ಎಂಬ ಕೈಗಾರಿಕಾ ಶಾಲೆಗೆ ಸೇರಿಸಲಾಯಿತು. ಅಲ್ಲಿ ಅವನು ಮರಗೆಲಸ ಕಲಿತ. ಕಪಾಟು, ಮೇಜು ಮಾಡತೊಡಗಿದ. ಬಿಡುವಿನಲ್ಲಿ ಐಸ್ ಗಡ್ಡೆ ಹೊತ್ತು ಮನೆಮನೆಗೆ ಹಾಕುತ್ತಿದ್ದ. ಮಹಡಿ ಮೆಟ್ಟಿಲುಗಳನ್ನು ಹತ್ತಿ ಇಳಿದದ್ದರಿಂದಲೇ ತನ್ನ ಹೆಗಲು ಗಟ್ಟಿಯಾಯಿತೆಂದು ಮುಂದೆ ಅವನು ನೆನೆಯುತ್ತಿದ್ದನಂತೆ.

ಮಗ ಸಂಗೀತ ಕಲಿಯಲೆಂದು ತಾಯಿಗೆ ಆಸೆ. ಪಿಟೀಲು ಪಾಠಕ್ಕೆಂದು ಅವಳು ಕೂಡಿಟ್ಟು ಕೊಟ್ಟ ಚಿಲ್ಲರೆಯನ್ನು ಜೋ ವ್ಯಾಯಾಮಶಾಲೆಗೆ ಕಟ್ಟಿದ. ಬಾಕ್ಸಿಂಗ್ ಗ್ಲೌಸನ್ನು ಪಿಟೀಲಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಿದ್ದನೆಂಬ ಕಥೆ ಇಂದಿಗೂ ಡೆಟ್ರಾಯಿಟ್‌ನಲ್ಲಿ ಪ್ರಚಲಿತ. ಗುಟ್ಟು ರಟ್ಟಾದಾಗ ತಾಯಿ ಗದರಲಿಲ್ಲ. ಮಾಡುವುದನ್ನು ಮನಸ್ಸಿಟ್ಟು ಮಾಡು ಎಂಬುದಷ್ಟೇ ಅವಳ ಮಾತು.

1932ರಲ್ಲಿ ಹವ್ಯಾಸಿಯಾಗಿ ಅವನ ಮೊದಲ ಪಂದ್ಯ. ಎದುರಾಳಿ ಜಾನಿ ಮೈಲರ್ ಅದೇ ವರ್ಷ ಒಲಿಂಪಿಕ್ಸ್‌ಗೆ ಹೋದ ಅನುಭವಿ. ಆ ರಾತ್ರಿ ಜೋ ಏಳು ಬಾರಿ ನೆಲಕ್ಕೆ ಬಿದ್ದ. ಏಳು ಬಾರಿಯೂ ಎದ್ದ. ಸೋತವನಿಗೆ ಸಿಕ್ಕಿದ್ದು ಸಾಮಾನು ಕೊಳ್ಳುವ ಏಳು ಡಾಲರಿನ ಚೀಟಿ. ಅದನ್ನು ಮಲತಂದೆಯ ಕೈಗಿತ್ತ. ಈ ಹುಚ್ಚು ಬಿಟ್ಟು ದುಡಿಮೆ ನೋಡಿಕೋ ಎಂದು ಆತ ಬುದ್ಧಿ ಹೇಳಿದ. ಜೋ ಫೋರ್ಡ್ ಕಾರ್ಖಾನೆ ಸೇರಿ ಭಾರದ ಬಿಡಿಭಾಗಗಳನ್ನು ತಳ್ಳುವ ಕೆಲಸಕ್ಕೆ ನಿಂತ. ಕೆಲ ತಿಂಗಳಲ್ಲಿ ಮತ್ತೆ ವ್ಯಾಯಾಮಶಾಲೆಯ ಬಾಗಿಲಿಗೆ ಬಂದ. ಮುಂದಿನ ಎರಡು ವರ್ಷದಲ್ಲಿ ಆಡಿದ 54 ಹವ್ಯಾಸಿ ಪಂದ್ಯಗಳಲ್ಲಿ 50 ಗೆದ್ದು, 1934ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದ. ಅಷ್ಟರಲ್ಲಿ ಬ್ಯಾರೋ ಎಂಬ ಮನೆತನದ ಹೆಸರು ಕಳಚಿಬಿದ್ದು ಜೋ ಲೂಯಿಸ್ ಎಂಬುದಷ್ಟೇ ಉಳಿದಿತ್ತು.

1934ರ ಜುಲೈ 4ರಂದು ಷಿಕಾಗೋದಲ್ಲಿ ಹಣಕ್ಕಾಗಿ ಅವನ ಮೊದಲ ಪಂದ್ಯ ನಡೆಯಿತು. ಎದುರಾಳಿಯನ್ನು ಮೊದಲ ಸುತ್ತಿನಲ್ಲೇ ಕೆಡವಿದ. ಬಂದ ಸಂಭಾವನೆ 59 ಡಾಲರ್. ಅವನ ಬೆನ್ನಿಗೆ ನಿಂತವರು ಜಾನ್ ರಾಕ್ಸ್‌ಬರೋ ಮತ್ತು ಜೂಲಿಯನ್ ಬ್ಲ್ಯಾಕ್ ಎಂಬ ಇಬ್ಬರು ವ್ಯವಸ್ಥಾಪಕರು. ಗುರು ಜ್ಯಾಕ್ ಬ್ಲ್ಯಾಕ್‌ಬರ್ನ್. ಮೂವರೂ ಕಪ್ಪು ಜನವೇ. ಶಿಷ್ಯ ಕಪ್ಪು ಹುಡುಗನೆಂದು ಕೇಳಿದಾಗ ಬ್ಲ್ಯಾಕ್‌ಬರ್ನ್ ಮೊದಲು ಹಿಂಜರಿದ. ಅದಕ್ಕೆ ಕಾರಣವಿತ್ತು. ಜ್ಯಾಕ್ ಜಾನ್ಸನ್ ಎಂಬ ಕಪ್ಪು ಬಾಕ್ಸರ್ 1908ರಿಂದ 1915ರವರೆಗೆ ಹೆವಿವೇಟ್ ಪಟ್ಟ ಆಳಿದ್ದ. ಅವನ ಗೆಲುವನ್ನೂ ಠೀವಿಯನ್ನೂ ಬಿಳಿಯರ ಸಮಾಜ ಸಹಿಸಲಿಲ್ಲ. ಅವನ ನಂತರ ಕಪ್ಪು ಬಾಕ್ಸರ್ ಎಷ್ಟೇ ಸಮರ್ಥನಾದರೂ ಆ ಪಟ್ಟಕ್ಕೆ ಹೋರಾಡುವ ಅವಕಾಶವನ್ನೇ ಕೊಡಲಿಲ್ಲ.

ಆದ್ದರಿಂದ ಗುರು ಶಿಷ್ಯನಿಗೆ ಒಂದು ಮಾತು ಮನದಟ್ಟು ಮಾಡಿದ. ತೀರ್ಪುಗಾರರನ್ನು ನಂಬಿ ಕೂರಬೇಡ. ನಿನ್ನ ಮುಷ್ಟಿಯೇ ತೀರ್ಪು ಹೇಳಬೇಕು ಎಂಬುದು ಅದರ ಸಾರ. ಎದುರಾಳಿ ಏಳದಂತೆ ಬಿದ್ದರೆ ಅಂಕದ ಮಾತೇ ಬರುವುದಿಲ್ಲ. ರಾಕ್ಸ್‌ಬರೋ ಇನ್ನಷ್ಟು ಕಟ್ಟುಪಾಡು ಹಾಕಿದ. ಬಿದ್ದವನ ಮುಂದೆ ಮೆರೆಯಬಾರದು. ಹಣಕ್ಕಾಗಿ ಸೋಲುವ ಪಂದ್ಯ ಆಡಬಾರದು. ಬಿಳಿ ಹೆಂಗಸರ ಜೊತೆ ಫೋಟೋ ತೆಗೆಸಿಕೊಳ್ಳಬಾರದು. ಇಂದು ಓದುವಾಗ ಇದರಲ್ಲಿ ಕೆಲವು ಅನ್ಯಾಯವೆನಿಸುತ್ತವೆ. ಬಿಳಿಯ ಬಾಕ್ಸರನಿಗೆ ಗೆದ್ದರೆ ಸಾಕಿತ್ತು. ಜೋ ಮಾತ್ರ ಗೆಲ್ಲಲೂ ಬೇಕು, ಗೆದ್ದ ಮೇಲೆ ನಗದೆಯೂ ಇರಬೇಕು. ಇಪ್ಪತ್ತರ ಹುಡುಗ ಆ ಬಿಗಿ ಮುಖವನ್ನೇ ಅಭ್ಯಾಸ ಮಾಡಿಕೊಂಡ.

1935ರಲ್ಲಿ ಅವನ ಹೆಸರು ದೇಶಕ್ಕೆಲ್ಲ ಹಬ್ಬಿತು. ಜೂನ್ 25ರಂದು ನ್ಯೂಯಾರ್ಕಿನಲ್ಲಿ ಇಟಲಿಯ ದೈತ್ಯ ಪ್ರಿಮೋ ಕಾರ್ನೆರಾನನ್ನು ಆರನೇ ಸುತ್ತಿನಲ್ಲಿ ಮಣಿಸಿದ. ಆಗ ಮುಸೊಲಿನಿಯ ಇಟಲಿ ಆಫ್ರಿಕದ ಇಥಿಯೋಪಿಯದ ಮೇಲೆ ದಂಡೆತ್ತಿ ಹೋಗಲು ಸಿದ್ಧವಾಗುತ್ತಿತ್ತು. ಕಪ್ಪು ಜನರಿಗೆ ಆ ಗೆಲುವು ಆಟದ ಗೆಲುವಾಗಿ ಮಾತ್ರ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ಮಾಜಿ ಚಾಂಪಿಯನ್ ಮ್ಯಾಕ್ಸ್ ಬೇರ್‌ನನ್ನೂ ನಾಲ್ಕನೇ ಸುತ್ತಿನಲ್ಲಿ ಸೋಲಿಸಿದ.

ಅದೇ ವರ್ಷ ಅವನು ಮಾಡಿದ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಆರ್ಥಿಕ ಕುಸಿತದ ದಿನಗಳಲ್ಲಿ ಕಾರ್ಖಾನೆಗಳು ಮುಚ್ಚಿ ಅವನ ಮನೆಯವರಿಗೆ ಕೂಲಿ ಇಲ್ಲವಾದಾಗ, ಡೆಟ್ರಾಯಿಟ್‌ನ ಪರಿಹಾರ ಕಚೇರಿ 269 ಡಾಲರ್ ನೆರವು ಕೊಟ್ಟಿತ್ತು. ಅದು ಸಾಲವಲ್ಲ, ಮರಳಿಸಬೇಕೆಂದು ಯಾರೂ ಕೇಳಿರಲಿಲ್ಲ. ಕೈಗೆ ಹಣ ಬಂದ ಕೂಡಲೇ ಜೋ ಆ ಮೊತ್ತವನ್ನು ಲೆಕ್ಕವಾಗಿ ಹಿಂದಿರುಗಿಸಿದ.

1936ರ ಜೂನ್ 19ರಂದು ಪೆಟ್ಟು ಬಿತ್ತು. ಎದುರಾಳಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್, ಮೂವತ್ತು ದಾಟಿದ ಮಾಜಿ ಚಾಂಪಿಯನ್. ಅವನ ಕಾಲ ಮುಗಿಯಿತೆಂದು ಎಲ್ಲರೂ ತಿಳಿದಿದ್ದರು. ಜೋ ಕೂಡ ಹಾಗೇ ತಿಳಿದು ಅಭ್ಯಾಸ ಬಿಟ್ಟು ಗಾಲ್ಫ್ ಆಡಿಕೊಂಡಿದ್ದ. ಷ್ಮೆಲಿಂಗ್ ಮಾತ್ರ ಜೋನ ಪಂದ್ಯಗಳ ಫಿಲ್ಮುಗಳನ್ನು ತಾಳ್ಮೆಯಿಂದ ನೋಡಿ ಒಂದು ದೋಷ ಹಿಡಿದಿದ್ದ. ಎಡಗೈಯಿಂದ ಗುದ್ದಿದ ಮೇಲೆ ಜೋ ಆ ಕೈಯನ್ನು ಕೆಳಗಿಳಿಸುತ್ತಾನೆ. ಆ ಗಳಿಗೆಯಲ್ಲಿ ಅವನ ದವಡೆಗೆ ಕಾವಲಿಲ್ಲ. ಷ್ಮೆಲಿಂಗ್‌ನ ಬಲಗೈ ಮತ್ತೆ ಮತ್ತೆ ಅಲ್ಲಿಗೇ ಬಂತು. ನಾಲ್ಕನೇ ಸುತ್ತಿನಲ್ಲಿ ಬಿದ್ದೆದ್ದ ಜೋ, ಹನ್ನೆರಡನೇ ಸುತ್ತಿನಲ್ಲಿ ಬಿದ್ದವನು ಏಳಲಿಲ್ಲ. ನ್ಯೂಯಾರ್ಕಿನ ಕಪ್ಪು ಜನರ ಬೀದಿಗಳಲ್ಲಿ ದೊಡ್ಡವರೂ ಅತ್ತರು. ಬರ್ಲಿನ್ನಿನಲ್ಲಿ ಹಿಟ್ಲರನ ಸರ್ಕಾರ ಆ ಗೆಲುವನ್ನು ಬಿಳಿಯ ಜನಾಂಗದ ಮೇಲ್ಮೆಗೆ ಸಾಕ್ಷಿಯೆಂದು ಡಂಗುರ ಹೊಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬರ್ಲಿನ್ ಒಲಿಂಪಿಕ್ಸ್ ನಡೆದು, ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದ. ಧ್ಯಾನ್‌ಚಂದರ ಭಾರತ ತಂಡ ಹಾಕಿ ಫೈನಲಿನಲ್ಲಿ ಜರ್ಮನಿಯನ್ನು 8–1ರಿಂದ ಮಣಿಸಿತು. ಆದರೆ ಜೋ ಲೂಯಿಸ್‌ನ ಬಾಕಿ ಹಾಗೇ ಉಳಿದಿತ್ತು.

ಅವನು ನೆಪ ಹೇಳಲಿಲ್ಲ. ಎರಡು ತಿಂಗಳೊಳಗೆ ಮತ್ತೆ ರಿಂಗಿಗೆ ಇಳಿದ. 1937ರ ಜೂನ್ 22ರಂದು ಷಿಕಾಗೋದಲ್ಲಿ ಚಾಂಪಿಯನ್ ಜೇಮ್ಸ್ ಬ್ರಾಡಾಕ್‌ನನ್ನು ಎದುರಿಸಿದ. ಮೊದಲ ಸುತ್ತಿನಲ್ಲೇ ಜೋ ನೆಲಕ್ಕೆ ಬಿದ್ದ. ಎದ್ದು ಎಂಟನೇ ಸುತ್ತಿನಲ್ಲಿ ಬ್ರಾಡಾಕ್‌ನನ್ನು ಕೆಡವಿ, 23ನೇ ವಯಸ್ಸಿನಲ್ಲಿ ಜಗಜಟ್ಟಿಯಾದ. ಜಾನ್ಸನ್ ಪಟ್ಟ ಕಳೆದುಕೊಂಡು 22 ವರ್ಷಗಳಾಗಿದ್ದವು. ಊರೂರಲ್ಲಿ ಕಪ್ಪು ಜನ ಬೀದಿಗಿಳಿದು ಕುಣಿದರು. ಜೋ ಮಾತ್ರ ಷ್ಮೆಲಿಂಗ್‌ನನ್ನು ಗೆಲ್ಲುವವರೆಗೆ ತನ್ನನ್ನು ಚಾಂಪಿಯನ್ ಎಂದು ಕರೆಯಬಾರದೆಂದ.

ಆ ಮರುಪಂದ್ಯ ಸರಿಯಾಗಿ ಒಂದು ವರ್ಷಕ್ಕೆ, 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ನಡೆಯಿತು. ಅಷ್ಟರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ. ಯುದ್ಧದ ಕಾರ್ಮೋಡ ಕವಿದಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಮೊದಲೇ ಜೋನನ್ನು ಶ್ವೇತಭವನಕ್ಕೆ ಕರೆಸಿ ಹರಸಿ ಕಳಿಸಿದ್ದ. ಸ್ವಂತ ನಾಡಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಲಾಗದ ಮನುಷ್ಯನ ಮೇಲೆ ಆ ನಾಡಿನ ಮಾನದ ಹೊರೆ ಬಿದ್ದಿತ್ತು. ಮೈದಾನದಲ್ಲಿ 70 ಸಾವಿರ ಜನ. ರೇಡಿಯೋ ಮುಂದೆ ಸುಮಾರು ಏಳು ಕೋಟಿ ಅಮೆರಿಕನ್ನರು. ಗಂಟೆ ಹೊಡೆದಾಗ ಜೋ ನೇರವಾಗಿ ನುಗ್ಗಿದ. ಷ್ಮೆಲಿಂಗ್ ಮೂರು ಬಾರಿ ಬಿದ್ದ. ಪಂದ್ಯ 2 ನಿಮಿಷ 4 ಸೆಕೆಂಡಿನಲ್ಲಿ ಮುಗಿಯಿತು. ತಡವಾಗಿ ಕೂತವರಿಗೆ ಪಂದ್ಯವೇ ಕಾಣಸಿಗಲಿಲ್ಲ. ಎರಡು ವರ್ಷ ಹಿಂದೆ ದವಡೆ ಬಿಟ್ಟುಕೊಟ್ಟಿದ್ದ ಆ ಎಡಗೈಯ ದೋಷವನ್ನು ಗುರುಶಿಷ್ಯರು ತಿದ್ದಿಕೊಂಡೇ ಬಂದಿದ್ದರು. ಸೋಲಿನಿಂದ ಪಾಠ ಕಲಿಯಿರಿ ಎಂದು ನಾವು ಮಕ್ಕಳಿಗೆ ಹೇಳುವ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ಮುಂದೆ ಅವನು ಹೆವಿವೇಟ್ ಪಟ್ಟವನ್ನು 11 ವರ್ಷ 8 ತಿಂಗಳು ಉಳಿಸಿಕೊಂಡ. ಆ ಅವಧಿಯಲ್ಲಿ 25 ಬಾರಿ ಪಟ್ಟವನ್ನು ಪಣಕ್ಕಿಟ್ಟು ಗೆದ್ದ. ಆ ವರ್ಗದಲ್ಲಿ ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಸವಾಲು ಹಾಕಿದವರನ್ನು ತಪ್ಪಿಸಿಕೊಂಡು ತಿರುಗುವುದು ಅವನ ಜಾಯಮಾನವಲ್ಲ. 1941ರ ಜೂನ್ 18ರಂದು ತನಗಿಂತ ಹಗುರನಾದ, ಚುರುಕಾದ ಬಿಲ್ಲಿ ಕಾನ್ ಎದುರು ಅಂಕಗಳಲ್ಲಿ ಹಿಂದೆ ಬಿದ್ದಿದ್ದ. ಹದಿಮೂರನೇ ಸುತ್ತು ಮುಗಿಯಲು ಎರಡು ಸೆಕೆಂಡು ಉಳಿದಿದ್ದಾಗ ಕಾನ್‌ನನ್ನು ಕೆಡವಿ ಗೆದ್ದ. ಗುರುವಿನ ಹಳೆಯ ಪಾಠ ಆ ರಾತ್ರಿಯೂ ಕೈ ಹಿಡಿದಿತ್ತು.

ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದ ಮರುತಿಂಗಳೇ, 1942ರ ಜನವರಿಯಲ್ಲಿ, ಅವನು ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ. ಪಂದ್ಯವೊಂದಕ್ಕೆ ಸಾವಿರಾರು ಡಾಲರ್ ಎಣಿಸುತ್ತಿದ್ದವನ ಸಂಬಳ ತಿಂಗಳಿಗೆ 21 ಡಾಲರ್. ಆ ಜನವರಿಯ ಪಂದ್ಯದಲ್ಲಿ ಬಂದ ಹಣವನ್ನು ನೌಕಾಪಡೆಯ ಪರಿಹಾರ ನಿಧಿಗೂ, ಮಾರ್ಚಿನ ಪಂದ್ಯದ ಹಣವನ್ನು ಭೂಸೇನೆಯ ನಿಧಿಗೂ ಕೊಟ್ಟುಬಿಟ್ಟ. ಆಗ ನೌಕಾಪಡೆಯಲ್ಲಿ ಕಪ್ಪು ಜನರಿಗೆ ಅಡುಗೆ, ಬಡಿಸುವ ಕೆಲಸ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಅಂಥ ಪಡೆಗೆ ದಾನವೇಕೆಂದು ಅವನ ಜನರೇ ಹಲವರು ಕೇಳಿದರು. ದೇಶದಲ್ಲಿ ತಪ್ಪುಗಳಿವೆ, ಆದರೆ ಅವನ್ನು ಹಿಟ್ಲರ್ ಬಂದು ಸರಿಪಡಿಸುವುದಿಲ್ಲ ಎಂಬುದು ಅವನ ನಿಲುವಾಗಿತ್ತು.

ಯುದ್ಧದ ವರ್ಷಗಳಲ್ಲಿ ಸುಮಾರು 20 ಲಕ್ಷ ಸೈನಿಕರ ಮುಂದೆ 96 ಪ್ರದರ್ಶನ ಪಂದ್ಯ ಆಡಿದ. ಸೇನೆಯಲ್ಲೂ ಬಣ್ಣದ ಗೋಡೆ ಇತ್ತು. ಕನ್ಸಾಸ್ ರಾಜ್ಯದ ಫೋರ್ಟ್ ರೈಲಿ ಶಿಬಿರದಲ್ಲಿ ಕಪ್ಪು ಸಿಪಾಯಿಗಳು ಅಧಿಕಾರಿ ತರಬೇತಿಗೆ ಅರ್ಜಿ ಹಾಕಿದರೆ ಕಡತ ಅಲ್ಲಾಡುತ್ತಿರಲಿಲ್ಲ. ಅವರಲ್ಲಿ ಓದಿದ ತರುಣನೊಬ್ಬ ಜೋಗೆ ವಿಷಯ ತಿಳಿಸಿದ. ಜೋ ರಾಜಧಾನಿಯ ಯುದ್ಧ ಇಲಾಖೆಯಲ್ಲಿದ್ದ ಪರಿಚಯಸ್ಥನಿಗೆ ಸುದ್ದಿ ಮುಟ್ಟಿಸಿದ. ಬಾಗಿಲು ತೆರೆಯಿತು. ಆ ತರುಣನೇ ಜ್ಯಾಕಿ ರಾಬಿನ್ಸನ್. 1947ರಲ್ಲಿ ಬಿಳಿಯರಿಗೇ ಮೀಸಲಾಗಿದ್ದ ಅಮೆರಿಕದ ದೊಡ್ಡ ಬೇಸ್‌ಬಾಲ್ ಪಂದ್ಯಾವಳಿಗೆ ಕಾಲಿಟ್ಟು ಇತಿಹಾಸ ಬರೆದವನು. 1944ರಲ್ಲಿ ಹುಟ್ಟು ನಾಡಾದ ಅಲಬಾಮಾದ ಸೇನಾ ಶಿಬಿರದ ಬಸ್ ನಿಲ್ದಾಣದಲ್ಲಿ, ಕಪ್ಪು ಜನರ ಬೆಂಚಿಗೆ ಹೋಗೆಂದು ಕಾವಲಿನವನು ಅಪ್ಪಣೆ ಮಾಡಿದ. ಸಮವಸ್ತ್ರ ತೊಟ್ಟಿದ್ದ ಜೋ, ಜೊತೆಗಿದ್ದ ಬಾಕ್ಸರ್ ಷುಗರ್ ರೇ ರಾಬಿನ್ಸನ್ ಇಬ್ಬರೂ ಒಪ್ಪಲಿಲ್ಲ. ಅವರನ್ನು ಹಿಡಿದು ಕೂರಿಸಲಾಯಿತು. ಜಗಜಟ್ಟಿಗೇ ಈ ಪಾಡಾದರೆ ಉಳಿದವರ ಗತಿ ಏನಿದ್ದೀತು ಎಂಬುದನ್ನು ದೇಶ ಕಂಡಿತು.

ಯುದ್ಧ ಮುಗಿದಾಗ ಸೇನೆ ಪದಕ ಕೊಟ್ಟಿತು. ತೆರಿಗೆ ಇಲಾಖೆ ನೋಟೀಸು ಕೊಟ್ಟಿತು. ಅವನ ಹೆಸರಿನಲ್ಲಿ ಒಟ್ಟು ಸಂಪಾದನೆಯಾದದ್ದು 46 ಲಕ್ಷ ಡಾಲರಿಗೂ ಹೆಚ್ಚು. ಅವನ ಕೈ ಸೇರಿದ್ದು ಸುಮಾರು 8 ಲಕ್ಷ. ಉಳಿದದ್ದು ವ್ಯವಸ್ಥಾಪಕರ, ಸಂಘಟಕರ ಪಾಲಾಗಿತ್ತು. ಲೆಕ್ಕ ಇಟ್ಟವರು ಸರಿಯಾಗಿ ಇಟ್ಟಿರಲಿಲ್ಲ. ದಾನ ಮಾಡಿದ ಪಂದ್ಯಗಳ ಹಣವನ್ನೂ ಅವನ ಆದಾಯವೆಂದೇ ಎಣಿಸಲಾಯಿತು. 1950ರ ವೇಳೆಗೆ ಬಡ್ಡಿ, ದಂಡ ಸೇರಿ ತೆರಿಗೆ ಬಾಕಿ ಐದು ಲಕ್ಷ ಡಾಲರ್ ಮೀರಿತು. ಮುಂದೆ ಹತ್ತು ಲಕ್ಷವನ್ನೂ ದಾಟಿತು.

ತಪ್ಪು ಪೂರ್ತಿ ಬೇರೆಯವರದೇ ಎಂದರೆ ಸತ್ಯವಾಗುವುದಿಲ್ಲ. ಜೋ ಕೈ ಬಿಚ್ಚಿ ಖರ್ಚು ಮಾಡಿದ. ಕೇಳಿದವರಿಗೆಲ್ಲ ಕೊಟ್ಟ. ಗಾಲ್ಫ್ ಮೈದಾನದಲ್ಲಿ ಪಂದ್ಯ ಕಟ್ಟಿ ಕಳೆದ. ಹೂಡಿದ ವ್ಯಾಪಾರಗಳು ಮುಳುಗಿದವು. ಸಂಸಾರವೂ ನೆಟ್ಟಗೆ ನಿಲ್ಲಲಿಲ್ಲ. ಮೊದಲ ಹೆಂಡತಿ ಮಾರ್ವಾಳನ್ನು ಎರಡು ಬಾರಿ ಮದುವೆಯಾಗಿ ಎರಡು ಬಾರಿ ಬೇರೆಯಾದ. ಎದುರಾಳಿಯ ಕಣ್ಣ ಚಲನೆ ಓದಬಲ್ಲವನಿಗೆ ಕಾಗದಪತ್ರ ಓದುವುದನ್ನು ಯಾರೂ ಕಲಿಸಲಿಲ್ಲ, ಅವನೂ ಕಲಿಯಲಿಲ್ಲ. ಆಡಿ ಗಳಿಸುವ ಮಕ್ಕಳಿಗೆ ಲೆಕ್ಕ, ಕಾನೂನಿನ ತಿಳಿವಳಿಕೆಯೂ ಬೇಕು ಎಂಬುದಕ್ಕೆ ಅವನ ಬದುಕಿನ ಈ ಭಾಗವೇ ಸಾಕ್ಷಿ.

1949ರ ಮಾರ್ಚ್ 1ರಂದು ಪಟ್ಟ ಬಿಟ್ಟು ನಿವೃತ್ತನಾಗಿದ್ದವನು ಬಾಕಿ ತೀರಿಸಲು ಮತ್ತೆ ಗ್ಲೌಸ್ ತೊಡಬೇಕಾಯಿತು. 1950ರ ಸೆಪ್ಟೆಂಬರಿನಲ್ಲಿ ಎಜರ್ಡ್ ಚಾರ್ಲ್ಸ್ ಎದುರು ಹದಿನೈದು ಸುತ್ತು ನಿಂತು ಸೋತ. 1951ರ ಅಕ್ಟೋಬರ್ 26ರಂದು ಏರುಗಾಲದಲ್ಲಿದ್ದ ರಾಕಿ ಮಾರ್ಸಿಯಾನೋ ಅವನನ್ನು ಎಂಟನೇ ಸುತ್ತಿನಲ್ಲಿ ಹಗ್ಗದಾಚೆಗೆ ಕೆಡವಿದ. ಜೋಗೆ ಆಗ 37 ವರ್ಷ. ಚಿಕ್ಕಂದಿನಿಂದ ಜೋನನ್ನೇ ಆರಾಧಿಸಿದ್ದ ಮಾರ್ಸಿಯಾನೋ ಗೆದ್ದ ಮೇಲೆ ಕೋಣೆಗೆ ಹೋಗಿ ಅತ್ತನಂತೆ. ಒಟ್ಟು 69 ಪಂದ್ಯ, 66 ಗೆಲುವು, 3 ಸೋಲು. ಗೆಲುವುಗಳಲ್ಲಿ 52 ಎದುರಾಳಿಯನ್ನು ಕೆಡವಿ ಗೆದ್ದವು. ಲೆಕ್ಕದ ಪುಸ್ತಕ ಅಲ್ಲಿಗೆ ಮುಚ್ಚಿತು.

1953ರಲ್ಲಿ ತಾಯಿ ಲಿಲ್ಲಿ ತೀರಿಕೊಂಡಳು. ಮಗನಿಗೆಂದು ಅವಳು ಬಿಟ್ಟುಹೋದ 660 ಡಾಲರನ್ನೂ ತೆರಿಗೆ ಇಲಾಖೆ ಬಾಕಿಗೆ ಹಿಡಿದುಕೊಂಡಿತು. ಒಂದು ಕಾಲಕ್ಕೆ ಕೇಳದ ಸಾಲವನ್ನೂ ತೀರಿಸಿದ್ದ ಮನೆ ಅದು. ಹೊಟ್ಟೆಪಾಡಿಗಾಗಿ ಜೋ ಜನರನ್ನು ರಂಜಿಸುವ ತೋರಿಕೆಯ ಕುಸ್ತಿಗೂ ಇಳಿದ. 1960ರ ದಶಕದಲ್ಲಿ ಸರ್ಕಾರ ಹಳೆಯ ಬಾಕಿಯ ಒತ್ತಾಯವನ್ನು ಸಡಿಲಿಸಿತು. ಕೊನೆಯ ವರ್ಷಗಳಲ್ಲಿ ಲಾಸ್ ವೇಗಾಸ್ ನಗರದ ಸೀಸರ್ಸ್ ಪ್ಯಾಲೆಸ್ ಹೋಟೆಲಿನಲ್ಲಿ ಬಂದವರ ಕೈ ಕುಲುಕಿ ಸ್ವಾಗತಿಸುವ ಕೆಲಸ ಮಾಡಿದ. ಮಾದಕ ವಸ್ತುವಿನ ಚಟ, ಮನೋರೋಗದ ಚಿಕಿತ್ಸೆ, 1977ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ, ಅಲ್ಲಿಂದ ಗಾಲಿಕುರ್ಚಿ. ಇವೆಲ್ಲವೂ ಅವನ ಪಾಲಿಗೆ ಬಂದವು.

ಈ ಕಷ್ಟದ ದಿನಗಳಲ್ಲಿ ಅವನ ನೆರವಿಗೆ ಬಂದವರಲ್ಲಿ ಮ್ಯಾಕ್ಸ್ ಷ್ಮೆಲಿಂಗ್ ಒಬ್ಬ. ಹಿಟ್ಲರ್ ತನ್ನವನೆಂದು ಮೆರೆಸಿದ ಷ್ಮೆಲಿಂಗ್ ನಾಜಿ ಪಕ್ಷವನ್ನು ಎಂದೂ ಸೇರಿರಲಿಲ್ಲ. ತನ್ನ ಯಹೂದಿ ವ್ಯವಸ್ಥಾಪಕನನ್ನು ಬಿಡೆಂದರೂ ಬಿಟ್ಟಿರಲಿಲ್ಲ. 1938ರ ನವೆಂಬರಿನಲ್ಲಿ ಯಹೂದಿಗಳ ಮನೆ, ಅಂಗಡಿಗಳಿಗೆ ಬೆಂಕಿ ಬಿದ್ದಾಗ ಸ್ನೇಹಿತನ ಇಬ್ಬರು ಹುಡುಗರನ್ನು ತನ್ನ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದ್ದ. ಈ ಸಂಗತಿ ಹೊರಬಂದದ್ದು ಐವತ್ತು ವರ್ಷಗಳ ನಂತರ, ಉಳಿದ ಹುಡುಗರಲ್ಲೊಬ್ಬ ಹೇಳಿದ ಮೇಲೆ. ಯುದ್ಧದ ಬಳಿಕ ಷ್ಮೆಲಿಂಗ್ ವ್ಯಾಪಾರದಲ್ಲಿ ಚೇತರಿಸಿಕೊಂಡ. 1954ರಲ್ಲಿ ಅಮೆರಿಕಕ್ಕೆ ಬಂದು ಜೋನ ಮನೆ ಹುಡುಕಿಕೊಂಡು ಹೋದ. ಅಂದಿನಿಂದ ಇಬ್ಬರೂ ಗೆಳೆಯರು. ಷ್ಮೆಲಿಂಗ್ ಸದ್ದಿಲ್ಲದೆ ಹಣದ ಸಹಾಯವನ್ನೂ ಮಾಡಿದ.

1981ರ ಏಪ್ರಿಲ್ 11ರ ರಾತ್ರಿ ಜೋ ಗಾಲಿಕುರ್ಚಿಯಲ್ಲಿ ಕೂತು ಲ್ಯಾರಿ ಹೋಮ್ಸ್‌ನ ಪಟ್ಟದ ಪಂದ್ಯ ನೋಡಿದ. ಮರುದಿನ ಬೆಳಿಗ್ಗೆ ಹೃದಯ ನಿಂತು ತೀರಿಕೊಂಡ. ಅವನಿಗೆ 66 ವರ್ಷ. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿ, ರಾಷ್ಟ್ರವೀರರ ಆರ್ಲಿಂಗ್ಟನ್ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಲು ಅನುಮತಿ ಕೊಟ್ಟ. ಅಂತ್ಯಕ್ರಿಯೆಯ ಖರ್ಚಿನ ಒಂದು ಪಾಲನ್ನು ಷ್ಮೆಲಿಂಗ್ ಹೊತ್ತ. 1986ರಲ್ಲಿ ಡೆಟ್ರಾಯಿಟ್ ನಗರ ನಡುಬೀದಿಯಲ್ಲಿ ಏಳು ಮೀಟರಿಗೂ ಉದ್ದವಾದ ಕಂಚಿನ ತೋಳೊಂದನ್ನು ತೂಗುಹಾಕಿತು. ಅದರ ತುದಿಯಲ್ಲಿ ಬಿಗಿದ ಮುಷ್ಟಿ. 1993ರಲ್ಲಿ ಅವನ ಚಿತ್ರದ ಅಂಚೆಚೀಟಿ ಬಂತು. 2010ರಲ್ಲಿ ಹುಟ್ಟೂರಿನ ಕಡೆಯ ಲಫಾಯೆಟ್‌ನಲ್ಲಿ, ಒಂದು ಕಾಲಕ್ಕೆ ಅವನ ಜನರಿಗೆ ನ್ಯಾಯ ಸಿಗದಿದ್ದ ನ್ಯಾಯಾಲಯದ ಕಟ್ಟಡದ ಮುಂದೆಯೇ ಅವನ ಪ್ರತಿಮೆ ನಿಂತಿತು.

ಮೊದಲು ಕೇಳಿದ ಪ್ರಶ್ನೆಗೆ ಈಗ ಬರೋಣ. ಬಲದಲ್ಲಿ ಜೋನನ್ನು ಮೀರಿಸಿದವರು ಇದ್ದಿರಬಹುದು. ಒಂದೂ ಪಂದ್ಯ ಸೋಲದೆ ನಿವೃತ್ತನಾದ ಮಾರ್ಸಿಯಾನೋ ಗೆಲುವಿನ ಲೆಕ್ಕದಲ್ಲಿ ಅವನಿಗಿಂತ ಮುಂದು. ಆದರೂ ಜೋನ ಹೆಸರು ಬಂದಾಗ ಜನ ಲೆಕ್ಕ ಹೇಳುವುದಿಲ್ಲ. ಏಳು ಬಾರಿ ಬಿದ್ದು ಏಳು ಬಾರಿ ಎದ್ದದ್ದನ್ನು ಹೇಳುತ್ತಾರೆ. ಸೋಲಿಸಿದವನ ಹತ್ತಿರವೇ ತನ್ನ ದೋಷ ಕಲಿತು ಬಂದದ್ದನ್ನು ಹೇಳುತ್ತಾರೆ. 269 ಡಾಲರ್ ತಿರುಗಿ ಕೊಟ್ಟದ್ದನ್ನು, ಅವನು ಹೊಡೆದು ಕೆಡವಿದವನೇ ಕೊನೆಗೆ ಅವನ ಅಂತ್ಯಕ್ರಿಯೆಗೆ ನೆರವಾದದ್ದನ್ನು ಹೇಳುತ್ತಾರೆ. ತನ್ನವರೆಂದು ನಂಬಿ ಕೂತ ಲಕ್ಷಾಂತರ ಜನರ ತಲೆ ತಗ್ಗದಂತೆ ಒಬ್ಬನು ಹನ್ನೆರಡು ವರ್ಷ ನಿಂತ ಎಂಬುದೇ ಅವನ ಕೀರ್ತಿಯ ಮೂಲ.

ನಮ್ಮ ಹೂಗ್ಯಂ ಶಾಲೆಯ ಮೈದಾನದಲ್ಲಿ ಬಾಕ್ಸಿಂಗ್ ರಿಂಗ್ ಇಲ್ಲ. ಆದರೆ ಕಬಡ್ಡಿಗೆ, ಖೊಖೋಗೆ, ಓಟಕ್ಕೆ ಮಣ್ಣಿದೆ. ಕಾಡಂಚಿನ ಹಾಡಿಗಳಿಂದ, ಹೊಲದ ಮನೆಗಳಿಂದ ನಡೆದು ಬರುವ ಮಕ್ಕಳ ಕಾಲುಗಳಲ್ಲಿ ಕಸುವಿದೆ. ತರಗತಿಯಲ್ಲಿ ತೊದಲುವ, ಕೊನೆಯ ಬೆಂಚಿನಲ್ಲಿ ಮುದುಡಿ ಕೂರುವ ಮಗುವಿನ ಕೈಯಲ್ಲಿ ಏನಿದೆಯೆಂದು ನೋಡುವ ಒಬ್ಬ ಮೇಷ್ಟ್ರು ಡೆಟ್ರಾಯಿಟ್‌ನಲ್ಲಿ ಇದ್ದಂತೆ ನಮ್ಮಲ್ಲೂ ಇದ್ದರೆ ಸಾಕು. ಶಾಲೆಯಿಂದ ಹೊರಹೋದ ನಾವು ಹಿರಿಯ ವಿದ್ಯಾರ್ಥಿಗಳಿಗೂ ಜೋ ಒಂದು ಮಾತು ನೆನಪಿಸುತ್ತಾನೆ. ಕಷ್ಟದಲ್ಲಿ ಕೈ ಹಿಡಿದದ್ದನ್ನು ಯಾರೂ ಕೇಳದಿದ್ದರೂ ತಿರುಗಿ ಕೊಡಬಹುದು. ನಮಗೆ ಅಕ್ಷರ ಕೊಟ್ಟ ಈ ಶಾಲೆಗೆ ಐವತ್ತು ತುಂಬಿದ ಈ ವರ್ಷ, ಒಂದು ಪುಸ್ತಕವೋ ಒಂದು ಚೆಂಡೋ ಹಿಡಿದು ಒಮ್ಮೆ ಗೇಟಿನೊಳಗೆ ಬಂದು ಹೋಗೋಣ.